ಪರೀಕ್ಷೆಯ ಹಿಂದಿನ ಸಂಜೆ

ಉಪೆರ್ನವಿಕ್‌ನ ಅಡುಗೆಮನೆಯಲ್ಲಿ ರಟ್ಟು ಹಾಸಿ
ಸೀಲ್ ಕೊಯ್ಯುತ್ತಾಳೆ ಬೆನಿಗ್ನೆ.
ಪಕ್ಕದಲ್ಲಿ ಮೊಮ್ಮಗ ಎನೋಕ್, ಉರು ಹೊಡೆಯುತ್ತ:
ಕೊಬ್ಬು, ಪ್ರೋಟೀನು, ಪಿಷ್ಟ…

"ಕೊಬ್ಬೇ? ನಮ್ಮಜ್ಜಿಯ ದೀಪ ಉರಿದದ್ದೇ ಅದರಲ್ಲಿ.
ನೀನು ಒಳಗೆ ಹಚ್ಚಿಕೋ."
ಬೆರಳಗಲದ ಬಿಳಿ ಪದರ ಅವನ ಬಾಯಿಗೆ.

ಕೆಂಪು ಮಾಂಸ: "ನಿನ್ನೆ ಈಜುತ್ತಿತ್ತು, ನಾಳೆ ನಿನ್ನ ತೋಳು."
ಅಷ್ಟು ಸುಲಭವಲ್ಲ ಅಜ್ಜಿ, ಮೊದಲು ಬಿಡಿಸಬೇಕು,
ಅಮೈನೋ ಆಮ್ಲ, ಒಂದೊಂದೇ ಮಣಿ.
"ಹೂಂ, ಹಳೇ ಸ್ವೆಟರ್ ಬಿಚ್ಚಿ ಹೊಸದು ಹೆಣೆದಂತೆ."

ಪಿಷ್ಟಕ್ಕೆ ಅವಳಲ್ಲಿ ಮಾತಿಲ್ಲ;
ಆಲೂಗಡ್ಡೆಯ ಹಡಗು ಮಂಜುಗಡ್ಡೆಯಾಚೆ ನಿಂತು ವಾರವಾಯಿತು.

ಕೊನೆಗೆ ಡಿಎನ್‌ಎ: ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ.
ಚಾಕು ನಿಂತಿತು.
ಕಯಾಕ್ ಮಗುಚಿ ಹೋದ ತಮ್ಮನ ಹೆಸರನ್ನು
ಇವನಿಗಿಟ್ಟವಳು ಅವಳು.
"ಹೆಸರು ಯಾವ ಅರ್ಧದಲ್ಲಿದೆ?"

ಹುಡುಗ ಪುಟ ತಿರುವುತ್ತಾನೆ, ಹಿಂದೆ, ಮುಂದೆ.
ರಕ್ತದ ಬೆರಳು ಒರೆಸಿಕೊಳ್ಳುತ್ತ ಅವಳು ಕರೆಯುತ್ತಾಳೆ:
"ತಮ್ಮಾ, ಉಣ್ಣು ಬಾ."