ಎಡ ಬಲ ನೋಡು

ರಾತ್ರಿ ಹತ್ತೂವರೆಗೆ ಮೇಲಿನ ಮನೆಯ ಮಿಕ್ಸಿ ನಿಲ್ಲುತ್ತದೆ.
ಆಮೇಲೆ ಸುಂಕದಕಟ್ಟೆಯ ಈ ಕೋಣೆಯಲ್ಲಿ ನನ್ನ ಪಾಠ.

ಅವೆನ್ಯೂ ರಸ್ತೆಯವನು ಏಳುನೂರು ಹೇಳಿ
ನಾನೂರೈವತ್ತಕ್ಕೆ ಇಳಿದ ಪುಸ್ತಕ,
ಇಟ್ಟಿಗೆಯಷ್ಟು ದಪ್ಪ, ಬೆನ್ನು ಬಿಟ್ಟಿದೆ, ನಾಲ್ಕು ವರ್ಷ ಹಳೆಯದು.
"ಪರೀಕ್ಷೆಗೆ ಇದು ನಡೆಯಲ್ಲ ಸಿಸ್ಟರ್,
ಕೈ ಪಳಗಿಸೋಕೆ ಸಾಕು" ಅಂದರು ಕೋಚಿಂಗಿನ ಮಹಾಬಲ ಸರ್.

ಪಳಗಿಸುತ್ತಿದ್ದೇನೆ.
ಐ ಹತ್ತು, ಬಿಪಿ. ಇ ಹನ್ನೊಂದು, ಶುಗರ್.
ಬಾತುಕೋಳಿ ಬಡಿದರೂ ಒಂದು ಕೋಡಿದೆ,
ಯಾರಿಗೆ ಬಡಿದೀತು ದೇವರೇ ಎಂದು ನಕ್ಕು
ನಾಲ್ಕು ಹಾಳೆ ಹಿಂದಕ್ಕೆ ಹೋದರೆ
ಮ್ಯಾನ್‌ಹೋಲಿಗೆ ಬಿದ್ದದ್ದಕ್ಕೂ ಇದೆ.
ಅಮೆರಿಕದವರಿಗೆ ನಮ್ಮ ಮಾಗಡಿ ರಸ್ತೆ ಹೇಗೆ ಗೊತ್ತು?

ಗಾಯವಾದರೆ ಕೊನೆಗೊಂದು ಅಕ್ಷರ ಹಚ್ಚಬೇಕು:
ಎ ಅಂದರೆ ಮೊದಲ ಸಲ, ಡಿ ಮತ್ತೆ ಬಂದದ್ದು,
ಎಸ್, ಮಾಯ್ದ ಮೇಲೂ ಉಳಿದದ್ದು.
ಹನ್ನೊಂದು ವರ್ಷ ವಾರ್ಡಿನಲ್ಲಿ ನಿಂತ ನನ್ನ ಸೊಂಟ
ಯಾವ ಅಕ್ಷರ ಕೇಳುತ್ತದೋ.
ಕೂತು ಮಾಡುವ ಕೆಲಸ ಹುಡುಕುತ್ತಿರುವುದು ಅದರ ಮಾತಿಗೇ.

"ಬರೆಯದಿದ್ದರೆ ನಡೆದಿಲ್ಲ."
ಸರ್ ಹೇಳಿಕೊಟ್ಟ ಮೊದಲ ಸೂತ್ರ.
ಡಾಕ್ಟರು ಗೀಚದ್ದನ್ನು ಊಹಿಸಕೂಡದು.
ಊಹಿಸದೆ ಹೇಗಿರಲಿ?
ತುಟಿ ನೀಲಿಗಟ್ಟುವ ಮುಂಚೆ, ಬೆಲ್ಲು ಒತ್ತುವ ಮುಂಚೆ,
ಮೂರನೇ ಮಂಚದವರು "ಏನಿಲ್ಲಮ್ಮ" ಅಂದು ಗೋಡೆಗೆ ತಿರುಗಿದಾಗ
ಊಹಿಸಿಯೇ ಸಂಬಳ ತಿಂದವಳು ನಾನು.

ಮೊದಲ ಪುಟದಲ್ಲಿ ಪೆನ್ಸಿಲ್ಲಿನ ಹೆಸರು: ಎಚ್. ಎನ್. ತೇಜೋವತಿ.
ಎ ಇಂದ ಶುರು, ಒಂದು ಸಾಲೂ ಬಿಟ್ಟಿಲ್ಲ,
ಗೀಟಿನ ಪಕ್ಕ ಸಾಸಿವೆಯಂಥ ಕನ್ನಡ:
"ಕಾಮಾಲೆ." "ಇದು ಕೇಳ್ತಾರೆ." "ಎಡ ಬಲ ನೋಡು ಪೆದ್ದಿ."
ಬೈಸಿಕೊಂಡವಳಂತೆ ಎಷ್ಟು ರಾತ್ರಿ
ನಾನೂ ಎಡ ಬಲ ನೋಡಿದ್ದೇನೆ.

ಓ ಅಕ್ಷರಕ್ಕೆ ಬಂದಳು. ಬಸಿರು, ಹೆರಿಗೆ, ಬಾಣಂತನ.
ಅಲ್ಲಿ ಗೀಟಿಲ್ಲ.
ಅಂಚಿನಲ್ಲಿ ಒಂದು ತಾರೀಖು,
ಕೆಳಗೆ ಓಂಕಾಳು, ಒಣಶುಂಠಿ, ಹಿಪ್ಪಲಿ ಐವತ್ತು ಗ್ರಾಂ.
ಆಮೇಲೆ ಪಿ ಖಾಲಿ. ಕ್ಯೂ ಖಾಲಿ.
ಸೂತ್ರದ ಪ್ರಕಾರ, ಆಮೇಲೆ ಏನೂ ನಡೆದಿಲ್ಲ.

ಒಂದು ವಾರ ಮುಂದಕ್ಕೆ ತಿರುವಲಿಲ್ಲ,
ಕಣ್ಣು ಕಿವಿಯ ಅಧ್ಯಾಯವನ್ನೇ ಮತ್ತೆ ಮತ್ತೆ ಓದಿದೆ.

ನಿನ್ನೆ, ಟಿ ಅಕ್ಷರ, ವಿಷಗಳ ನಡುವೆ,
ಕಿತ್ತಳೆ ಕ್ರೇಯಾನು!
ಮುಷ್ಟಿಯಲ್ಲಿ ಹಿಡಿದು ಎಳೆದದ್ದು, ಈ ಅಂಚಿನಿಂದ ಆ ಅಂಚಿಗೆ,
ಮೂರು ಹಾಳೆ ಕೆಳಗೂ ತಗ್ಗು.
ಒಂದು ಮೂಲೆಯಲ್ಲಿ ರಬ್ಬರಿನಿಂದ ಉಜ್ಜಿದ ಕೊಳೆ.
ಉಜ್ಜುತ್ತಾ ಉಜ್ಜುತ್ತಾ ಯಾರೋ ಸೋತು ನಕ್ಕು ಬಿಟ್ಟಿದ್ದಾರೆ;
ಇದೂ ನನ್ನ ಊಹೆ.

ಆರಕ್ಕೆ ಡ್ಯೂಟಿ.
ಪೆನ್ಸಿಲ್ ಹೆರೆದು, ಪಿ ತೆರೆದು,
ಅವಳು ಬಿಟ್ಟಲ್ಲಿಂದ ಗೀಟು ಹಾಕುತ್ತಿದ್ದೇನೆ.