ಮತ್ತು ಸಂಗಡಿಗರು

ಸಿನ್ಮ ಮುಗುದ್ಮೇಲೆ ಯಾರೂ ಏಳ್ಬೇಡಿ ಅಂದ್ರು,
ಈಗ ಸಂವಾದ ಅದೆ.
ಮಂಡ್ಯದ ಆ ಹಾಲ್ನಲ್ಲಿ ಮೂರು ಫ್ಯಾನು,
ತಿರುಗ್ತಿದ್ದುದು ಒಂದು,
ಅದರ ಕೆಳ್ಗೆ ಕಾಲೇಜಿನ ಮೇಷ್ಟ್ರುಗಳು.
ನಾನೂ ಕೆಂಪಾಜಿನೂ ಗೋಡೆ ಪಕ್ಕ,
ಚಪ್ಲಿ ಬುಟ್ಟು, ಕಾಲು ಮಡಿಸ್ಕಂಡು, ಕುರ್ಚಿ ಮ್ಯಾಲೇ.

ಕಡೇಲಿ ಹೆಸ್ರು ಓಡೋವಾಗ
ನಮ್ದೂ ಓಡ್ತು:
ಅಡುಗೆ – ನಿಂಗಾಜಮ್ಮ ಮತ್ತು ಸಂಗಡಿಗರು.
ಸಂಗಡಿಗರು ಅಂದ್ರೆ ಕೆಂಪಾಜಿ ಒಬ್ಳೆ.
ನಾನು ಓದಿ ಹೇಳೋದ್ರೊಳ್ಗೆ ಹೋಗ್ಬುಡ್ತು.
ಇನ್ನೊಂದ್ಸಲಿ ಬತ್ತದೇನೋ ಅಂತ
ಬರೀ ಪರದೆ ನೋಡ್ತಾನೇ ಕೂತವ್ಳೆ.

ಕತೆ ಏನಿಲ್ಲ.
ನಾಲೆ ಪಕ್ಕದ ಹುಡ್ಗಿ,
ಮೈಸೂರಿಗೆ ಓದೋಕೆ ಹೋಗಿ
ಬತ್ತೀನಿ ಅನ್ನೋದ ಬರ್ತೇನೆ ಅಂತ ತಿದ್ಕಂಡು,
ಹತ್ತು ವರ್ಸದ ಮ್ಯಾಲೆ ಪ್ಯಾಸೆಂಜರ್ ರೈಲಿಳ್ದು
ಅವ್ವನ ಮುಂದೆ ಬಾಯಿ ತೆಗೀತಾಳೆ,
ಯಾವ ಮಾತು ಬರ್ಬೇಕೋ ಗೊತ್ತಾಗ್ದೆ ಮುಚ್ತಾಳೆ.
ಅಲ್ಲಿಗೆ ಕತ್ಲೆ.
ನಮ್ಮ ದಫೇದಾರ್ರ ಮೊಮ್ಮಗ ಯೋಗಾನಂದ ಮಾಡಿರೋದು,
ಇಪ್ಪತ್ತೆರಡು ದಿನ,
ದಿನಕ್ಕೆ ನಲವತ್ತು ಎಲೆ.

ಮೇಷ್ಟ್ರೊಬ್ರು ಎದ್ರು. ಅಸ್ಮಿತೆ ಅಂದ್ರು,
ಬೇರು ಅಂದ್ರು, ತಿರ್ಗಾ ಅಸ್ಮಿತೆ ಅಂದ್ರು.
ಅದು ಯಾರ ಮಗ್ಳೇ ಅಂತ ಕೆಂಪಾಜಿ ನನ್ನ ತಿವುದ್ಲು.
ಶುಗರ್ ಫ್ಯಾಕ್ಟ್ರಿಲಿ ತೂಕ ಹಾಕ್ತಿದ್ದ ಬೋರಪ್ಪಣ್ಣ
ಕಬ್ಬ ಬರೀ ಚೆಂದಕ್ಕೆ ನಿಲ್ಸಿದೀಯಲ್ಲ ಮಗ,
ಒಬ್ರ ಕೈಲಾದ್ರೂ ಕುಡ್ಲು ಬೇಡ್ವಾ ಅಂದ.
ಹಿಂದ್ಲ ಸಾಲಿನ ಹುಡುಗಿ ಕೇಳಿದ್ದು:
ಅವಳು ವಾಪಸ್ ಯಾಕೆ ಬರ್ಬೇಕು ಸಾರ್?
ಅಲ್ಲೇ ಚೆನ್ನಾಗಿದ್ಳಲ್ಲ.
ಇದ್ಕೆ ಮಾತ್ರ ಯಾರೂ ಉತ್ರ ಕೊಡ್ನಿಲ್ಲ.
ಫ್ಯಾನು ತಿರುಗ್ತಿತ್ತು.

ಆಗ ಒಂದು ಹೈದ, ಆರ್ನೇ ಕ್ಲಾಸಿರ್ಬೋದು,
ಕುರ್ಚಿ ಹತ್ತಿ ನಿಂತ್ಕಂಡ:
ಹಿಟ್ಟು ಕಟ್ಟೋವಾಗ ಆ ಅಕ್ಕನ ಹೆಬ್ಬೆಟ್ಟಿನ ತಾವು
ಸುಟ್ಟ ಗಾಯ ಇತ್ತು.
ಉಣ್ಣೋವಾಗ ಇಲ್ಲ. ಎಲ್ಲೋಯ್ತು?

ಎಲ್ಲಾ ನಕ್ರು. ಯೋಗಾನಂದ ನಗ್ನಿಲ್ಲ.

ಅವತ್ತು ಆ ಹುಡ್ಗಿ, ಸರಸ್ವತಿಪುರಂನೋಳು, ಒಳ್ಳೆ ಮಗ,
ಬಿಸಿ ಹಿಟ್ಟು ಮುಟ್ಟಿ ಕೈ ಕಿತ್ಕಂಡು ಅತ್ತುಬುಟ್ಲು.
ನಿಂಗಾಜವ್ವ, ನಿನ್ ಕೈ ಕೊಡು ಅಂದ.
ಬಳೆ ತೆಗ್ಸುದ್ರು. ಸೋಪಿಗೂ ಬರ್ನಿಲ್ಲ ಅಂತ ಎರಡ ಒಡುದ್ರು,
ಕೆಂಪಾಜಿ ಆ ಕಡೀಕ್ ತಿರುಕ್ಕಂಡ್ಲು.
ಕಲೆ ಮ್ಯಾಲೆ ಪೌಡ್ರು ಬಳುದ್ರು.
ಹಿಟ್ಟಿನ ಹಬೆಗೆ ಯಾವ ಪೌಡ್ರು ನಿಲ್ತದೆ?
ತಿರುವ್ತಾ ತಿರುವ್ತಾ ಬೆವೆತು ಹೋಯ್ತು.
ಆಮ್ಯಾಕೆ ಆ ಮಗ ಉಂಡಿದ್ದು, ತಣ್ಣಗಾದದ್ದ,
ಹದಿನಾಲ್ಕು ಸಲಿ, ಅಗ್ದು ಅಗ್ದು.
ಹಿಟ್ಟ ಯಾರಾರ ಅಗೀತಾರಾ?
ಹೇಳಾಣ ಅಂತ ಎದ್ದೆ.
ಸೈಲೆನ್ಸ್ ಅಂದ್ಬುಟ್ರು.

ಯೋಗಾನಂದ ಗೋಡೆ ಕಡೆ ಬೊಟ್ ಮಾಡ್ದ.
ಮೈಕು ಕೈಯಿಂದ ಕೈಗೆ ಬಂತು,
ತೊಳ್ದಿಟ್ಟ ಸೌಟಿನಂಗೆ ತಣ್ಣಗೆ.
ಗಾಯ ಇಲ್ಲೇ ಅದೆ ಕಣಪ್ಪ ಅಂದೆ.
ನನ್ ಮಾತು ಎರಡು ಡಬ್ಬದಿಂದ
ನಂಗಿಂತ ದೊಡ್ಡದಾಗಿ ಬಂತು.
ಹಿಂದ್ಗಡೆ ಯಾರೋ ಕಿಸಕ್ಕಂದ್ರು.
ಅವ್ರ ತಪ್ಪಲ್ಲ, ಅಭ್ಯಾಸ:
ನಮ್ ಮಾತಾಡೋನು ಸಿನ್ಮದಲ್ಲಿ ಬರೋದೇ
ಜಾರಿ ಬೀಳಾಕೆ, ಒದೆ ತಿನ್ನಾಕೆ,
ಹೀರೋ ಪಕ್ಕ ನಿಂತ್ಕಂಡು ಪಂಚೆ ಉದುರ್ಸಾಕೆ.
ಜತೆಗೆ ಇನ್ಯಾರೂ ನಗ್ದೇ ಇದ್ದುದ್ಕೆ
ಆ ನಗು ಅರ್ಧಕ್ಕೇ ಕೆಮ್ಮಾಯ್ತು.

ಹೈದ ಬಂದು ಕೈ ಹಿಡ್ಕಂಡು ನೋಡ್ದ,
ನಿಜಾನಾ ಅಂತ ಉಗುರಲ್ಲಿ ಗೀರಿ ನೋಡ್ದ.
ಅಗಿಯೋ ವಿಚಾರ ಹೇಳೋದಿನ್ನೂ ಇತ್ತು,
ಅಷ್ಟರಲ್ಲಿ ಮೇಷ್ಟ್ರು ವಂದನಾರ್ಪಣೆ ಎತ್ಕಂಡ್ರು.

ಕಡೇ ಬಸ್ಸಿಗೆ ಓಡ್ತಾ ಓಡ್ತಾ ಕೆಂಪಾಜಿ:
ಅಲ್ಲ ಕನಕ್ಕ, ರೈಲಿಳ್ದು ಬಾಯಿ ತೆಗುದ್ಲಲ್ಲ,
ಏನನ್ಬೇಕು ಅಂತಿದ್ಲು ಅವ್ಳು?
ನಂಗೇನ್ ಗೊತ್ತು,
ನಂದು ಕೈ ಮಾತ್ರ ಅಂದೆ.