ಸೀಮೆಸುಣ್ಣದ ಕಿಟಕಿ

ರಾತ್ರಿ ಎರಡಕ್ಕೆ ಬಂತು ಕ್ರೇನು, ಕಾಡುಗೋಡಿ ದಾಟಿ.
ಬೀದಿಯ ಕರೆಂಟು ತಂತಿಯನ್ನು ಒಣಬಿದಿರ ಗಳದಲ್ಲಿ
ಎತ್ತಿ ಹಿಡಿದು ನಿಂತಿದ್ದಳು ತಂಗಿ ರಾಜಮಣಿ,
ಒಗೆದ ಸೀರೆ ಹರವುವವಳ ಹಾಗೆ.
ಪೆಟ್ಟಿಗೆ ತೂಗಿತು, ತಿರುಗಿತು, ಸ್ವಲ್ಪ ಯೋಚಿಸಿತು,
ನಾಲ್ಕು ಕಾಂಕ್ರೀಟ್ ದಿಮ್ಮಿಯ ಮೇಲೆ ಕೂತಿತು.
ನಾಯಿ ಬೊಗಳಿದವು. ಎದುರುಮನೆಯ ಲೈಟು ಹತ್ತಿತು.

ಇಪ್ಪತ್ತು ಅಡಿ ಉದ್ದ, ಎಂಟು ಅಡಿ ಅಗಲ,
ಒಂದು ಮಗ್ಗುಲಲ್ಲಿ ತಗ್ಗು, ಯಾವ ಬಂದರಿನ ಗುದ್ದೋ.
ಹನ್ನೊಂದು ವರ್ಷದ ಚೀಟಿ ದುಡ್ಡು ಸೈಟಿಗೇ ಮುಗಿದು
ಉಳಿದದ್ದರಲ್ಲಿ ಮನೆ ಆದೀತೇ ಎಂದರೆ ಮೇಸ್ತ್ರಿ ನಕ್ಕಿದ್ದ:
"ಪಾಯ ಆಗತ್ತೆ ಅಕ್ಕ. ಪಾಯದ ಮೇಲೆ ಕೂತ್ಕೊಳಿ."

ಸೂಸೈರಾಜ್ ಬಂದ, ವೆಲ್ಡಿಂಗ್ ಸೆಟ್ಟು ಲಗೇಜ್ ಆಟೋದಲ್ಲಿ.
"ಎಲ್ಲಿ ಕೊಯ್ಬೇಕು, ಗುರುತು ಹಾಕಿ."
ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ
ಕಾಲರು ಹೊಲಿದ ಕೈ ನನ್ನದು;
ಕಬ್ಬಿಣ ಬೆಟ್ಟು ಮಾಡುವುದು ಇದೇ ಮೊದಲು.
ಸೀಮೆಸುಣ್ಣದ ಬಿಲ್ಲೆ ತೆಗೆದೆ, ಟೇಪು ಹಿಡಿದೆ.
ಅಲೆಅಲೆ ತಗಡು, ಗೆರೆ ನೇರ ಬರಲೊಲ್ಲದು,
ಜಾರ್ಜೆಟ್ಟಿನ ಹಾಗೆ ಜಾರುತ್ತದೆ.
ಕತ್ತರಿ ಆಡಿದ ಮೇಲೆ ಅಳತೆ ಹುಡುಕ್ತೀಯಾ ಎಂದು
ಬೈಯುತ್ತಿದ್ದ ಕಟಿಂಗ್ ಮಾಸ್ಟರ್ ನೆನಪಾಗಿ
ಮೂರು ಸಲ ಅಳೆದೆ.
ಪೂರ್ವಕ್ಕೆ ಬಾಗಿಲು. ಒಲೆಯ ಬಳಿ ಒಂದು ಕಿಟಕಿ.
ಮಿಷನ್ನಿನ ಬಳಿ ಇನ್ನೊಂದು,
ಸೂಜಿಗಣ್ಣು ಕಾಣುವಷ್ಟು ಬೆಳಕಿಗೆ.

ಕಿಡಿ ಹಾರಿತು. ಮುಚ್ಚಳದ ಹಾಗೆ ಒಂದು ತುಂಡು
ಆಚೆ ಬಿತ್ತು, ದಣ್ಣೆಂದು.
ಎಷ್ಟು ಸಮುದ್ರ ದಾಟಿತ್ತೋ ಈ ಪೆಟ್ಟಿಗೆ,
ಒಂದನ್ನೂ ಒಳಗಿಂದ ಕಂಡದ್ದಿಲ್ಲ.
ಮೊದಲು ಕಂಡದ್ದು ನಮ್ಮ ಬೀದಿಯ ನಲ್ಲಿ,
ಕಾವೇರಿ ಇನ್ನೂ ಬಾರದ ನಲ್ಲಿ,
ಅದರ ಮೇಲೊಂದು ಕಾಗೆ.

ಮಾರ್ಚಿನಲ್ಲಿ ಬೆಂದೆವು, ಸುಳ್ಳೇಕೆ.
ಮಧ್ಯಾಹ್ನ ಗೋಡೆ ಮುಟ್ಟಿದರೆ ಇಸ್ತ್ರಿಪೆಟ್ಟಿಗೆ.
ಮೇಲೆ ಸುಣ್ಣ ಬಳಿಸಿ, ಅಡಿ ಎತ್ತರಕ್ಕೊಂದು ತಡಿಕೆ ಕಟ್ಟಿಸಿ,
ಒಳಗೆ ಥರ್ಮಾಕೋಲು, ಅದರ ಮೇಲೆ ಪ್ಲೈವುಡ್ಡು.
"ಲೈನಿಂಗ್ ಕೊಟ್ಟ ಕೋಟು" ಅಂದಳು ರಾಜಮಣಿ.
ನೆಲದ ಹಳೇ ಹಲಗೆಗೆ ಹುಳದ ಔಷಧಿಯ ವಾಸನೆ;
ಕಿತ್ತು ಬಿಸಾಡಿದೆವು. ಅದಕ್ಕೇ ಎಂಟು ಸಾವಿರ ಹೆಚ್ಚು,
ಆ ತಿಂಗಳು ತರಕಾರಿ ಬರೀ ಸೊಪ್ಪು.

"ಕಬ್ಬಿಣದ ಮನೇಗೆ ಹೊಸ್ತಿಲೆಲ್ಲೇ?" ಎದುರುಮನೆ ಪಾಪಮ್ಮ.
ಹಳೇ ಕಟಿಂಗ್ ಟೇಬಲ್ಲಿನ ಹಲಗೆ ಇತ್ತು,
ಬೋಲ್ಟು ಹಾಕಿಸಿ ಅರಿಶಿನ ಬಳಿದೆ.
ಹಾಲು ಉಕ್ಕಿದ ದಿನ ಸಕ್ಕರೆ ತಂದವಳೂ ಅವಳೇ;
"ಡಬ್ಬಾದೊಳಗೆ ಡಬ್ಬಾ ಎಲ್ಲಿಡ್ತೀರಿ" ಎಂದು
ಒಂದೊಂದು ಗೂಡೂ ತೆರೆದು ನೋಡಿದಳು.

ಹಳೆಯ ಜೋಡಿಬಾಗಿಲು ಹಾಗೇ ಇದೆ, ಮಂಚದ ಹಿಂದೆ.
ಹೊರಮೈಯ ಬಿಳಿ ಬರಹಕ್ಕೆ
ಸೂಸೈರಾಜ್ ಬ್ರಷ್ ಎತ್ತಿದಾಗ ಬೇಡವೆಂದೆ.
ನಾಲ್ಕು ಇಂಗ್ಲಿಷ್ ಅಕ್ಷರ, ಏಳು ಅಂಕೆ.
ಪಂಚಾಯ್ತಿ ಇನ್ನೂ ಡೋರ್ ನಂಬರ್ ಕೊಟ್ಟಿಲ್ಲ,
ಗ್ಯಾಸಿನ ಹುಡುಗನಿಗೆ ಅದನ್ನೇ ಓದಿ ಹೇಳುತ್ತೇನೆ.
ಅದರ ಕೆಳಗೆ, ಹೊರಬಹುದಾದ ಭಾರ:
ಇಪ್ಪತ್ತೆಂಟು ಸಾವಿರ ಕಿಲೋ.

ಒಂದು ರಾತ್ರಿ ನಿದ್ದೆ ಬಾರದೆ ಕೂಡಿಸಿದೆವು.
ಮಿಷನ್ನು ಮೂವತ್ತು, ಮಂಚ ನಲವತ್ತು,
ಸಿಲಿಂಡರು ತುಂಬಿದ್ದರೆ ಮೂವತ್ತು,
ಅಮ್ಮನ ಒರಳು, ಎತ್ತಿದವರಿಗೇ ಗೊತ್ತು, ಐವತ್ತು.
ನಾನು ಐವತ್ತೆಂಟು. ಅವಳು ತನ್ನದು ಹೇಳಲಿಲ್ಲ.
ಪಾತ್ರೆ, ಅಕ್ಕಿ, ಬಟ್ಟೆಯ ಗಂಟು,
ಎಷ್ಟು ಸೇರಿಸಿದರೂ ನಾನೂರು ದಾಟಲಿಲ್ಲ.

ಡಿಪೋದ ಕಡೆ ಗೂಡ್ಸು ರೈಲು ಕೂಗಿತು.
"ಇನ್ನೂ ಇಪ್ಪತ್ತೇಳು ಸಾವಿರದ ಆರುನೂರು ಬಾಕಿ ಅಕ್ಕ,"
ಕತ್ತಲಲ್ಲಿ ನಕ್ಕಳು, "ಏನು ತುಂಬೋಣ?"

ಬೀದಿದೀಪ ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು.
"ಮೊದಲು ಪರದೆ," ಅಂದೆ. "ಇನ್ನೂರು ಗ್ರಾಮು."